ಮನೆ, ಬಾಲ್ಯದ ಆಸಕ್ತಿ, ಮುಂದಿನ ಓದು: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತುಮಕೂರು ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಗಣಿತ, ವಿಜ್ಞಾನ ಹೇಳಿಕೊಟ್ಟವನು ನಾನು. ನಿವೃತ್ತನಾದ ಮೇಲೂ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನವೇ ಮನೆಯ ಜಗಲಿ ತುಂಬುತ್ತದೆ. ಕೈಯಲ್ಲಿ ಅಂಕಪಟ್ಟಿಯ ಜೆರಾಕ್ಸ್, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಮಗ ಅಥವಾ ಮಗಳು. “ಸಾರ್, ಇವನಿಗೆ ಏನು ಕೊಡಿಸೋದು?” ಎಂಬಲ್ಲಿಂದ ಮಾತು ಶುರುವಾಗುತ್ತದೆ. ಅಲ್ಲಿಂದ ಹಿಂದಕ್ಕೆ ಹೋಗಿ ಹೋಗಿ ಐದನೇ ಕ್ಲಾಸು, ಮೂರನೇ ಕ್ಲಾಸು, ಅಜ್ಜಿ ಮನೆ, ಹೊಲ, ಅಂಗಡಿ ಎಲ್ಲವೂ ಬರುತ್ತವೆ. ವರ್ಷ ವರ್ಷವೂ ಕೇಳುವ ಪ್ರಶ್ನೆಗಳನ್ನು, ನಾನು ಕೊಡುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮಗುವಿನ ಆಸಕ್ತಿ ಏನೆಂದು ಯಾವ ವಯಸ್ಸಿಗೆ ಗೊತ್ತಾಗುತ್ತದೆ?

ಇಂಥ ವಯಸ್ಸು ಎಂದು ಹೇಳಲು ಬರುವುದಿಲ್ಲ. ಬಹುಪಾಲು ಮನೆಗಳಲ್ಲಿ ಅದು ಕಣ್ಣೆದುರಿಗೇ ಇರುತ್ತದೆ. ನಾವು ಅದಕ್ಕೆ ಪಠ್ಯಪುಸ್ತಕದ ಒಂದು ಹೆಸರು ಹುಡುಕುತ್ತೇವೆ. ಹೆಸರು ಸಿಗದಿದ್ದರೆ ‘ಇವನಿಗೆ ಓದಿನ ಮೇಲೆ ಮನಸ್ಸೇ ಇಲ್ಲ’ ಎಂದುಬಿಡುತ್ತೇವೆ.

ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ವಿಜ್ಞಾನದಲ್ಲಿ ನೂರಕ್ಕೆ ಮೂವತ್ತೆಂಟು. ಓಮನ ನಿಯಮ ಬರೆ ಎಂದರೆ ಸೂತ್ರ ತಲೆಕೆಳಗು. ಒಂದು ಸಂಜೆ ಅವರ ತೋಟದ ಕಡೆ ಹೋದಾಗ ನೋಡಿದೆ, ಬೋರ್‌ವೆಲ್ ಮನೆಯಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಮೇನ್ ಸ್ವಿಚ್ ಇಳಿಸಿದ್ದಾನೆ, ಫ್ಯೂಸ್ ಕಿತ್ತು ಪಕ್ಕಕ್ಕಿಟ್ಟಿದ್ದಾನೆ, ಕಾಂಟ್ಯಾಕ್ಟರಿನ ಕಪ್ಪಾದ ತುದಿಗಳನ್ನು ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದಾನೆ. ಯಾಕೋ ಎಂದೆ. “ಒಂದು ಫೇಸ್ ಹೋದ್ರೆ ಮೋಟರ್ ನಿಲ್ಲಲ್ಲ ಸಾರ್, ಹಮ್ ಅಂತ ಗುಂಯ್‌ಗುಡುತ್ತೆ. ಉಳಿದೆರಡು ಫೇಸಿಂದ ಕರೆಂಟು ಜಾಸ್ತಿ ಎಳೆಯುತ್ತೆ. ಕಾಯಿಲ್ ಸುಟ್ಟೋಗುತ್ತೆ. ಅದಕ್ಕೇ ಪ್ರಿವೆಂಟರ್ ಟ್ರಿಪ್ ಮಾಡಿ ಮೋಟರ್ ನಿಲ್ಲಿಸಬೇಕು, ಇದು ಮಾಡ್ತಿಲ್ಲ” ಎಂದ. ಹೀಗೆ ಕಾರಣದಿಂದ ಪರಿಣಾಮಕ್ಕೆ ಒಂದೊಂದೇ ಮೆಟ್ಟಿಲು ಇಳಿದು ವಿವರಿಸುವವರು ನನ್ನ ತರಗತಿಯ ಮೊದಲ ಬೆಂಚಿನಲ್ಲೂ ಇರಲಿಲ್ಲ.

ಅವನ ಅಪ್ಪನಿಗೆ ಕೇಳಿದ್ದರೆ ‘ಇವನಿಗೆ ವಿಜ್ಞಾನ ಬರಲ್ಲ, ರಿಪೇರಿ ಹುಚ್ಚು’ ಎನ್ನುತ್ತಿದ್ದರು. ಆ ಹುಚ್ಚಿನೊಳಗೆ ಇದ್ದದ್ದು ಕೆಟ್ಟ ಜಾಗವನ್ನು ಹುಡುಕುತ್ತಾ ಹೋಗುವ ತಾಳ್ಮೆ. ಹತ್ತನೇ ತರಗತಿಯ ವಿದ್ಯುಚ್ಛಕ್ತಿಯ ಪಾಠವನ್ನು ಆ ವರ್ಷ ನಾನು ಸ್ಟಾರ್ಟರ್ ಪೆಟ್ಟಿಗೆಯಿಂದಲೇ ಆರಂಭಿಸಿದೆ. ಮುಂದೆ ಅವನು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗ್‌ಗೆ ನೇರ ಎರಡನೇ ವರ್ಷಕ್ಕೆ ಸೇರಿದ.

ಹಾಗಾಗಿ ಆಸಕ್ತಿಗೆ ಹೆಸರಿಡುವ ಮೊದಲು, ಮಗು ಯಾರೂ ಹೇಳದೆ ಕೈಯಲ್ಲಿ ಏನು ಮಾಡುತ್ತಿದೆ ನೋಡಿ. ಬಿಚ್ಚುತ್ತಿದೆಯೇ, ಎಣಿಸುತ್ತಿದೆಯೇ, ಜೋಡಿಸುತ್ತಿದೆಯೇ, ಇನ್ನೊಬ್ಬರಿಗೆ ಕತೆ ಕಟ್ಟಿ ಹೇಳುತ್ತಿದೆಯೇ, ಜಗಳ ಬಿಡಿಸುತ್ತಿದೆಯೇ? ವಿಷಯ ಬದಲಾಗಬಹುದು. ಈ ಕೆಲಸದ ರೀತಿ ಅಷ್ಟು ಸುಲಭವಾಗಿ ಬದಲಾಗದು ಎಂಬುದು ನಾನು ಕಂಡದ್ದು.

ನಾವು ಓದಿದವರಲ್ಲ. ಮನೆಯಲ್ಲಿ ಮಗುವಿಗೆ ಏನು ತಾನೇ ಕೊಡಬಲ್ಲೆವು?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಬಸ್ ನಿಲ್ದಾಣದ ಬಳಿ ಹೂ ಮಾರುತ್ತಿದ್ದ ಒಬ್ಬ ತಾಯಿ ನೆನಪಾಗುತ್ತಾರೆ. ಮಗಳು ಏಳನೇ ತರಗತಿ. ಶಾಲೆ ಬಿಟ್ಟ ಮೇಲೆ ಅಮ್ಮನ ಬುಟ್ಟಿಯ ಪಕ್ಕ ಕೂತು ಬಾಳೆನಾರಿನಲ್ಲಿ ಸೇವಂತಿಗೆ ಕಟ್ಟುತ್ತಿದ್ದಳು. ಒಂದು ದಿನ ಹೂ ಕೊಳ್ಳಲು ನಿಂತಿದ್ದೆ. ಆ ತಾಯಿ ಬಿಡಿ ಹೂವನ್ನು ಕೆಜಿ ಲೆಕ್ಕದಲ್ಲಿ ತರುವವರು, ಕಟ್ಟಿದ ಹೂವನ್ನು ಮಾರಿನ ಲೆಕ್ಕದಲ್ಲಿ ಮಾರುವವರು. “ನಿನ್ನೆ ರೇಟಿಗೇ ಕೊಡಮ್ಮ” ಎಂದೆ. ಮಗಳು ತಲೆ ಎತ್ತದೆ ಹೇಳಿದಳು: “ಆಗಲ್ಲ ಸಾರ್. ನಿನ್ನೆ ಕೆಜಿಗೆ ಆರು ಮಾರು ಬಂತು. ಇವತ್ತು ಹೂವು ಮಳೇಲಿ ನೆನೆದಿದೆ. ನೀರಿಗೂ ದುಡ್ಡು ಕೊಟ್ಟಿದೀವಿ. ಕೆಜಿಗೆ ಐದೂ ಬರಲ್ಲ.”

ಅನುಪಾತದ ಪಾಠವನ್ನು ನಾನು ಅದಕ್ಕಿಂತ ಚೆನ್ನಾಗಿ ಮಾಡಿದ್ದು ನೆನಪಿಲ್ಲ. ಆ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ದಿನದ ಲೆಕ್ಕವನ್ನು ಮಗಳ ಮುಂದೆ ಬಾಯಿಬಿಟ್ಟು ಮಾಡುತ್ತಿದ್ದರು, ಅವಳನ್ನು ಕೇಳುತ್ತಿದ್ದರು, ಅವಳು ಹೇಳಿದ್ದನ್ನು ಒಪ್ಪುತ್ತಿದ್ದರು. ಮನೆಯೊಂದು ಕೊಡಬಹುದಾದ ಶಿಕ್ಷಣದಲ್ಲಿ ಇದಕ್ಕಿಂತ ದೊಡ್ಡದು ಕಡಿಮೆ.

ನೀವೂ ಮಾಡಬಹುದು. ಕರೆಂಟ್ ಬಿಲ್ಲನ್ನು ಮಗುವಿನ ಕೈಗೆ ಕೊಟ್ಟು ಹಿಂದಿನ ತಿಂಗಳ ರೀಡಿಂಗ್, ಈ ತಿಂಗಳ ರೀಡಿಂಗ್ ಕಳೆದು ನೋಡಲು ಹೇಳಿ. ಹಾಲಿನ ಡೇರಿಯ ಚೀಟಿಯಲ್ಲಿ ಫ್ಯಾಟ್ ಎಷ್ಟು, ರೇಟ್ ಎಷ್ಟು ಎಂದು ಓದಿಸಿ. ಸಂಬಂಧಿಕರ ಮನೆಯ ಲಗ್ನಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿ. ಮಗು ‘ಯಾಕೆ’ ಎಂದಾಗ ಉತ್ತರ ಗೊತ್ತಿಲ್ಲದಿದ್ದರೆ ‘ನನಗೂ ಗೊತ್ತಿಲ್ಲ, ನಾಳೆ ನಿಮ್ಮ ಮೇಡಂನ ಕೇಳಿ ನನಗೂ ಹೇಳು’ ಎನ್ನಿ. ಈ ಒಂದು ಮಾತಿನಿಂದ ಶಾಲೆಯಲ್ಲಿ ಕೈ ಎತ್ತಿದ ಮಕ್ಕಳನ್ನು ನಾನು ನೋಡಿದ್ದೇನೆ. ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಎನ್ನುತ್ತಾರೆ, ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತದೆ. ಒಮ್ಮೆ ಕೈಹಿಡಿದು ಕರೆದುಕೊಂಡು ಹೋಗಿ ಕೂರಿಸಿ ಬನ್ನಿ.

ಏನೇ ಹೇಳಿ, ಓದಿದವರ ಮನೆಯ ಮಕ್ಕಳು ಮೊದಲೇ ಮುಂದಿರುತ್ತಾರಲ್ಲವೇ?

ಹೌದು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಭಾರತರತ್ನ ಪಡೆದ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಪ್ರಾಥಮಿಕ ಶಾಲೆಗೇ ಹೋಗಲಿಲ್ಲ. ಲೆಕ್ಕದಲ್ಲೂ ಪುರಾಣ ಕಾವ್ಯಗಳಲ್ಲೂ ಚುರುಕಾಗಿದ್ದ ತಾಯಿಯೇ ಮನೆಯಲ್ಲಿ ಕಲಿಸಿದರು. ತಂದೆ ಶಾಲಾ ಇನ್‌ಸ್ಪೆಕ್ಟರ್. ಮಗ ಕನ್ನಡ ಮಾಧ್ಯಮದಲ್ಲೇ ಓದಬೇಕೆಂದು ಹಟ ಹಿಡಿದ ಅವರೇ, ಮನೆಯಲ್ಲಿ ಇಂಗ್ಲಿಷ್ ಮಾತನಾಡಿಸುತ್ತಿದ್ದರು. ಆ ಹುಡುಗ 1951ರಲ್ಲಿ, ಹದಿನೇಳರ ವಯಸ್ಸಿಗೆ, ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಮುಗಿಸಿದ್ದರ ಹಿಂದೆ ಅವರ ಬುದ್ಧಿಯ ಜೊತೆ ಆ ಮನೆಯೂ ಇತ್ತು.

ಆದರೆ ಇನ್ನೊಂದು ದಾರಿಯೂ ಇದೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡರು. 1881ರಲ್ಲಿ ಬಿ.ಎ. ಆದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. ಆರ್ಯಭಟ ಉಪಗ್ರಹದ ಹಿಂದಿದ್ದ ಯು.ಆರ್. ರಾವ್ ಹುಟ್ಟಿದ್ದು ಉಡುಪಿ ಬಳಿಯ ಅದಮಾರಿನಲ್ಲಿ. ಊರಲ್ಲಿ ಪ್ರಾಥಮಿಕ ಶಾಲೆ, ಉಡುಪಿಯಲ್ಲಿ ಹೈಸ್ಕೂಲು, ಬಳ್ಳಾರಿಯಲ್ಲಿ ಇಂಟರ್‌ಮೀಡಿಯಟ್, ಅನಂತಪುರದಲ್ಲಿ ಬಿ.ಎಸ್ಸಿ., ಬನಾರಸ್‌ನಲ್ಲಿ ಎಂ.ಎಸ್ಸಿ. ಒಂದೊಂದು ಮೆಟ್ಟಿಲಿಗೂ ಊರು ಬದಲಾಯಿತು.

ಮನೆಯ ಕೊರತೆಯನ್ನು ತುಂಬಲು ಊರಾಚೆಯ ಮೆಟ್ಟಿಲು ಬೇಕು, ಅದು ಎಲ್ಲಿದೆ ಎಂದು ಸಮಯಕ್ಕೆ ಸರಿಯಾಗಿ ಗೊತ್ತಿರಬೇಕು. ಐದನೇ ತರಗತಿಯಲ್ಲಿರುವಾಗಲೇ ನವೋದಯ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಆರನೇ ತರಗತಿಯ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿಸಿ. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿದ್ದರೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಬರೆಸಿ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಕೊನೆಯ ದಿನಾಂಕ ಕಳೆದ ಮೇಲೆ ಬಂದು ‘ಗೊತ್ತೇ ಇರಲಿಲ್ಲ ಸಾರ್’ ಎಂದು ಕಣ್ಣೀರು ಹಾಕಿದ ಅಪ್ಪಂದಿರನ್ನು ನೋಡಿದ್ದೇನೆ. ಶಾಲೆಯ ನೋಟಿಸ್ ಬೋರ್ಡನ್ನು ತಿಂಗಳಿಗೊಮ್ಮೆಯಾದರೂ ಹೋಗಿ ನೋಡಿ.

ಹಳ್ಳಿಯಲ್ಲಿ ಬೆಳೆದದ್ದು, ಕನ್ನಡ ಮಾಧ್ಯಮದಲ್ಲಿ ಓದಿದ್ದು ಮುಂದೆ ತೊಡಕಾಗುವುದಿಲ್ಲವೇ?

ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ಮೂರ್ನಾಲ್ಕು ತಿಂಗಳು ಕಷ್ಟವಾಗುತ್ತದೆ. ವೇಗೋತ್ಕರ್ಷ ಎಂದರೇನೆಂದು ಚೆನ್ನಾಗಿ ತಿಳಿದ ಹುಡುಗಿ, ಉಪನ್ಯಾಸಕರು ‘ಆಕ್ಸಿಲರೇಶನ್’ ಎಂದಾಗ ತನಗೆ ಏನೂ ಗೊತ್ತಿಲ್ಲವೆಂದು ಕುಗ್ಗುತ್ತಾಳೆ. ನಾನು ಹತ್ತನೇ ತರಗತಿ ಮುಗಿದ ರಜೆಯಲ್ಲಿ ಮಕ್ಕಳಿಗೆ ಒಂದು ನೋಟ್‌ಬುಕ್ ಮಾಡಿಸುತ್ತೇನೆ. ಪುಟದ ಎಡಕ್ಕೆ ದ್ರವ್ಯರಾಶಿ, ಬಲಕ್ಕೆ ಮಾಸ್. ಎಡಕ್ಕೆ ದ್ಯುತಿಸಂಶ್ಲೇಷಣೆ, ಬಲಕ್ಕೆ ಫೋಟೊಸಿಂಥಸಿಸ್. ಹತ್ತನೇ ತರಗತಿಯ ಪುಸ್ತಕದಿಂದಲೇ ಮುನ್ನೂರು ಪದ ಆರಿಸಿದರೆ ಸಾಕು. ಅರ್ಥ ತಲೆಯಲ್ಲಿ ಆಗಲೇ ಇದೆ, ಹೊಸ ಹೆಸರು ಅಂಟಿಸುವುದಷ್ಟೇ ಉಳಿದದ್ದು. ಕೂತು ಮಾಡಿದವರಿಗೆ ದಸರಾ ರಜೆ ಬರುವಷ್ಟರಲ್ಲಿ ಭಯ ಬಿಟ್ಟಿರುತ್ತದೆ.

ಇನ್ನೊಂದು ಮಾತು. ನೀವು ತೊಡಕು ಎಂದುಕೊಂಡದ್ದನ್ನು ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಮೀಸಲು ಸೀಟುಗಳಿವೆ, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಇವೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಬೇರೆ. ಹತ್ತೂ ವರ್ಷದ ವ್ಯಾಸಂಗ ಪ್ರಮಾಣಪತ್ರಗಳನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ನಡುವೆ ಶಾಲೆ ಬದಲಿಸಿದ ಮಕ್ಕಳಿಗೆ ಜೂನ್ ತಿಂಗಳಲ್ಲಿ ಹಳೆಯ ಶಾಲೆಗೆ ಅಲೆಯುವುದೇ ದೊಡ್ಡ ಕೆಲಸವಾಗುತ್ತದೆ.

ಬಿ.ಎಸ್ಸಿ. ಕೃಷಿ ಪದವಿಯ ವಿಷಯದಲ್ಲಂತೂ ಹೊಲದಲ್ಲಿ ಬೆಳೆದದ್ದೇ ಅಂಕವಾಗುತ್ತದೆ. ಕೃಷಿಕರ ಕೋಟಾದಡಿ ಅರ್ಜಿ ಹಾಕಿದ ರೈತರ ಮಕ್ಕಳಿಗೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಯಿದೆ. ಮುಂದಿಟ್ಟ ಬೀಜ, ಸಲಕರಣೆಗಳನ್ನು ಗುರುತಿಸಬೇಕು. ಅಜ್ಜನ ಜೊತೆ ಬಿತ್ತನೆಗೆ ಹೋದವರಿಗೆ ಕೂರಿಗೆ ಯಾವುದು, ಕುಂಟೆ ಯಾವುದು ಎಂದು ಯಾರೂ ಹೇಳಿಕೊಡಬೇಕಿಲ್ಲ.

ಆರನೇ ತರಗತಿಯಿಂದಲೇ ಫೌಂಡೇಶನ್ ಕೋಚಿಂಗ್ ಸೇರಿಸಿದರೆ ಆಸಕ್ತಿ ಬೆಳೆಯುತ್ತದೆಯೇ?

ಪರೀಕ್ಷೆ ಬರೆಯುವ ಅಭ್ಯಾಸ ಬೆಳೆಯುತ್ತದೆ. ಆಸಕ್ತಿಯ ಮಾತು ಬೇರೆ. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಅವರ ತಂಡ ಪಿಯಾನೊ ವಾದಕರು, ಶಿಲ್ಪಿಗಳು, ಈಜುಗಾರರು, ಟೆನಿಸ್ ಆಟಗಾರರು, ಗಣಿತಜ್ಞರು, ನರವಿಜ್ಞಾನಿಗಳು ಹೀಗೆ ತಮ್ಮ ಕ್ಷೇತ್ರದಲ್ಲಿ ಎತ್ತರಕ್ಕೇರಿದ 120 ಮಂದಿಯ ಬಾಲ್ಯವನ್ನು ಕೆದಕಿ ನೋಡಿ, 1985ರಲ್ಲಿ ಅದನ್ನು ಪ್ರಕಟಿಸಿತು. ಬಹುತೇಕರಿಗೆ ಮೊದಲ ವರ್ಷಗಳು ಆಟದಂತೆ ಇದ್ದವು. ಮೊದಲ ಗುರು ದೊಡ್ಡ ವಿದ್ವಾಂಸರೇನೂ ಆಗಿರಲಿಲ್ಲ, ಮಕ್ಕಳನ್ನು ಪ್ರೀತಿಯಿಂದ ಕಾಣುವವರಾಗಿದ್ದರು. ಕಟ್ಟುನಿಟ್ಟಿನ ಸಾಧನೆ ಬಂದದ್ದು ಆಮೇಲೆ, ಮಗುವೇ ‘ಇದು ನನ್ನದು’ ಎಂದುಕೊಂಡ ಮೇಲೆ.

ನನ್ನ ಅನುಭವವೂ ಇದೇ. ಹನ್ನೊಂದು ವರ್ಷದ ಮಗುವಿಗೆ ಶಾಲೆ ಮುಗಿಸಿ ಮತ್ತೆ ಮೂರು ಗಂಟೆ ಬೆಂಚಿನ ಮೇಲೆ ಕೂರಿಸಿದರೆ, ತಾನಾಗಿ ಏನನ್ನಾದರೂ ಮಾಡಿ ನೋಡುವ ಹೊತ್ತೇ ಅದಕ್ಕೆ ಉಳಿಯುವುದಿಲ್ಲ. ಆ ಹೊತ್ತಿನಲ್ಲೇ ಅಲ್ಲವೇ ನಾವು ಅದರ ಆಸಕ್ತಿಯನ್ನು ಕಾಣಬೇಕಾದದ್ದು? ಅದೇ ದುಡ್ಡಿನಲ್ಲಿ ರಜೆಯಲ್ಲೊಂದು ದಿನ ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ನೆಹರು ತಾರಾಲಯ ಎರಡನ್ನೂ ತೋರಿಸಿ. ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ವರ್ಷಕ್ಕೊಂದು ದಿನ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ನಾನು ಕರೆದುಕೊಂಡು ಹೋದ ಮಕ್ಕಳು ಬಸ್ಸಿನಲ್ಲಿ ವಾಪಸು ಬರುವಾಗ ಕೇಳಿದ ಪ್ರಶ್ನೆಗಳು ಇಡೀ ವರ್ಷ ತರಗತಿಯಲ್ಲಿ ಬಂದಿರಲಿಲ್ಲ.

ಓದಿದರೆ ಸೈಕಲ್, ಅಂಕ ಬಂದರೆ ಮೊಬೈಲ್ ಎಂದು ಆಸೆ ತೋರಿಸಬಹುದೇ?

ಮಗುವಿಗೆ ಇಷ್ಟವಿಲ್ಲದ ಕೆಲಸಕ್ಕೆ ಒಮ್ಮೆ ತಳ್ಳಲು ಅದು ನಡೆಯಬಹುದು. ತಾನಾಗಿಯೇ ಇಷ್ಟಪಟ್ಟು ಮಾಡುತ್ತಿರುವುದಕ್ಕೆ ಮಾತ್ರ ದಯವಿಟ್ಟು ಬೆಲೆ ಕಟ್ಟಬೇಡಿ. ಅಮೆರಿಕದ ಒಂದು ಶಿಶುವಿಹಾರದಲ್ಲಿ ಮಾಡಿ 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ‘ಬಿಡಿಸಿದರೆ ಚಿನ್ನದ ಬಣ್ಣದ ನಕ್ಷತ್ರವಿರುವ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಯಲ್ಲಿ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಕಳೆದು ಬಣ್ಣದ ಪೆನ್ನುಗಳನ್ನು ಸುಮ್ಮನೆ ಇಟ್ಟು ನೋಡಿದಾಗ, ಮೊದಲೇ ಆಸೆ ತೋರಿಸಿದ ಗುಂಪಿನ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಕೊಟ್ಟವರಲ್ಲಿ ಆ ಇಳಿತ ಕಾಣಲಿಲ್ಲ.

ಫಲಿತಾಂಶ ಬಂದ ಮೇಲೆ ಪ್ರೀತಿಯಿಂದ ಹೋಳಿಗೆ ಮಾಡಿ ಬಡಿಸಿ. ಅದನ್ನು ಮೊದಲೇ ಕರಾರು ಮಾಡಿಕೊಳ್ಳಬೇಡಿ.

ಒಂದು ವಿಷಯದಲ್ಲಿ ತೊಂಬತ್ತು, ಉಳಿದವುಗಳಲ್ಲಿ ಮೂವತ್ತು. ಹಾಗೇ ಬಿಡಬಹುದೇ?

ಬಿಡಬೇಡಿ. ಶ್ರೀನಿವಾಸ ರಾಮಾನುಜನ್ ಅವರ ಹೆಸರನ್ನು ಎಲ್ಲರೂ ಹೇಳುತ್ತಾರೆ, ಅವರು ಪಟ್ಟ ಪಾಡನ್ನು ಯಾರೂ ಹೇಳುವುದಿಲ್ಲ. ಕುಂಭಕೋಣದಲ್ಲಿ ಹದಿನಾರರ ವಯಸ್ಸಿಗೆ ಗಣಿತದ ಸೂತ್ರಗಳ ಒಂದು ಸಂಗ್ರಹ ಕೈಗೆ ಸಿಕ್ಕಿತು. ಆಮೇಲೆ ಬೇರೆ ಯಾವುದೂ ರುಚಿಸಲಿಲ್ಲ. ಕಾಲೇಜಿನಲ್ಲಿ ಉಳಿದ ವಿಷಯಗಳಲ್ಲಿ ನಪಾಸಾಗಿ ವಿದ್ಯಾರ್ಥಿವೇತನ ಹೋಯಿತು. ಮದರಾಸಿನ ಇನ್ನೊಂದು ಕಾಲೇಜಿಗೆ ಸೇರಿದರು, ಅಲ್ಲೂ ಎಫ್.ಎ. ಪರೀಕ್ಷೆ, ಅಂದರೆ ಪದವಿಗೆ ಮುಂಚಿನ ಅಂದಿನ ಪರೀಕ್ಷೆ, ದಾಟಲಿಲ್ಲ. 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತೆಯಾಗುವವರೆಗೆ ಬಡತನ ಅವರನ್ನು ಹಿಂಡಿತು. ಅಂಥ ಪ್ರತಿಭೆಗೇ ಹೀಗಾಯಿತು.

ಆದ್ದರಿಂದ ಉಳಿದ ವಿಷಯಗಳಲ್ಲಿ ಮೊದಲ ಸ್ಥಾನ ಬೇಡ, ಬಾಗಿಲು ಮುಚ್ಚದಷ್ಟು ಅಂಕ ಇರಲಿ. ಮಗುವಿಗೂ ಹಾಗೇ ಹೇಳಿ: ‘ಗಣಿತ ನಿನ್ನದು, ಅದಕ್ಕೆ ಎಷ್ಟು ಬೇಕಾದರೂ ಹೊತ್ತು ಕೊಡು. ಸಮಾಜ, ಹಿಂದಿಗೆ ದಿನಕ್ಕೆ ಮುಕ್ಕಾಲು ಗಂಟೆ ನನಗೆ ಕೊಡು.’ ಇದನ್ನು ಮಕ್ಕಳು ಒಪ್ಪುತ್ತಾರೆ. ಇಷ್ಟದ ವಿಷಯವನ್ನೇ ಶಿಕ್ಷೆಯಾಗಿ ಕಿತ್ತುಕೊಂಡರೆ ಒಪ್ಪುವುದಿಲ್ಲ.

ಒಳ್ಳೆಯ ಅಂಕ ಬಂದಿದೆ. ಸೈನ್ಸ್ ತೆಗೆದುಕೊಳ್ಳದಿದ್ದರೆ ಹಾಳಾಗುವುದಿಲ್ಲವೇ?

ಮೊದಲು ನಿಜ ಸಂಗತಿ. ಎಂಜಿನಿಯರಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬೇಕೇ ಬೇಕು. ವೈದ್ಯಕೀಯಕ್ಕೆ ಜೀವಶಾಸ್ತ್ರ ಬೇಕು, ಮೇಲೆ ನೀಟ್ ಬರೆಯಬೇಕು. ಪಿಸಿಎಂಬಿ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ತೆಗೆದುಕೊಂಡರೆ ಎರಡೂ ಬಾಗಿಲು ತೆರೆದಿರುತ್ತವೆ, ಅದಕ್ಕೇ ಎಲ್ಲರೂ ಅತ್ತ ನುಗ್ಗುವುದು. ಮಗುವಿಗೆ ಇನ್ನೂ ಗೊಂದಲವಿದ್ದು, ಗಣಿತ ವಿಜ್ಞಾನ ಭಾರವೆನಿಸದಿದ್ದರೆ ಅದು ತಪ್ಪು ಆಯ್ಕೆಯೂ ಅಲ್ಲ. ವಿಜ್ಞಾನದಿಂದ ಆಮೇಲೆ ಬಿ.ಎ., ಬಿ.ಕಾಂ., ಕಾನೂನು ಯಾವುದಕ್ಕೂ ಹೋಗಬಹುದು. ಕಲಾ ವಿಭಾಗದಿಂದ ಎಂಜಿನಿಯರಿಂಗ್‌ಗೆ ಬರಲಾಗದು.

ಆದರೆ ಮಗುವಿಗೆ ತನ್ನ ದಾರಿ ಗೊತ್ತಿದ್ದಾಗ? ಇಲ್ಲಿ ನನ್ನ ಮಗಳ ವಿಷಯ ಹೇಳಲೇಬೇಕು.

ನಮ್ಮ ತಾಯಿಯ ಹಳೆಯ ಟ್ರಂಕಿನಲ್ಲಿ ಮುತ್ತಾತನ ಕಾಲದ ಕ್ರಯಪತ್ರಗಳಿದ್ದವು. ಏಳನೇ ತರಗತಿಯ ಬೇಸಿಗೆಯಲ್ಲಿ ಮಗಳು ಅವನ್ನು ಹೊರತೆಗೆದಳು. ಕೂಡಕ್ಷರದ ಕೈಬರಹವನ್ನು ಅಜ್ಜಿಯ ಪಕ್ಕ ಕೂತು ಒಂದೊಂದೇ ಸಾಲು ಬಿಡಿಸಿ ಓದಿದಳು. ಚೆಕ್ಕುಬಂದಿ ಬರೆದ ಕಡೆ ‘ಪೂರ್ವಕ್ಕೆ ಹುಣಸೆಮರ, ಪಶ್ಚಿಮಕ್ಕೆ ಸರ್ಕಾರಿ ಹಳ್ಳ’ ಎಂದಿದ್ದರೆ, ಮಧ್ಯಾಹ್ನದ ಬಿಸಿಲಲ್ಲಿ ಆ ಹಳ್ಳ ಹುಡುಕಿಕೊಂಡು ಹೋಗುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ಆರು ತಲೆಮಾರಿನ ವಂಶವೃಕ್ಷ ಬರೆದಳು. ಬೇರೆಯವರ ಮಕ್ಕಳಲ್ಲಿ ಸ್ಟಾರ್ಟರ್ ಪೆಟ್ಟಿಗೆಯನ್ನು ಗುರುತಿಸಿದ ನಾನು, ನನ್ನ ಮನೆಯ ಟ್ರಂಕನ್ನು ಗುರುತಿಸಲಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಅಂಕ ಚೆನ್ನಾಗಿ ಬಂತು. “ಅಪ್ಪಾ, ಎಚ್‌ಇಪಿಎಸ್ ತಗೋತೀನಿ” ಎಂದಳು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಗಣಿತದ ಮೇಷ್ಟ್ರ ಮಗಳು ಆರ್ಟ್ಸ್ ಎಂದರೆ ಊರವರು ಏನೆಂದಾರು ಎಂದು ಪಿಸಿಎಂಬಿಗೆ ಸೇರಿಸಿದೆ. ಎರಡು ವರ್ಷ ಅವಳು ಊಟದ ಹೊತ್ತಿನಲ್ಲಿ ಮಾತಾಡಲಿಲ್ಲ. ಪಾಸಾದಳು. ಆಮೇಲೆ ತಾನೇ ಹೋಗಿ ಬಿ.ಎ. ಅರ್ಜಿ ತಂದಳು. ಈಗ ಎಂ.ಎ. ಮುಗಿಸಿ ಶಾಸನಶಾಸ್ತ್ರ ಓದುತ್ತಿದ್ದಾಳೆ. ದೇಶದ ಶಾಸನಗಳನ್ನು ಓದುವ ಪುರಾತತ್ವ ಇಲಾಖೆಯ ಶಾಸನ ವಿಭಾಗ ನಮ್ಮ ಮೈಸೂರಿನಲ್ಲೇ ಇದೆ ಎಂದು ನನಗೆ ತಿಳಿದದ್ದು ಅವಳಿಂದ. ಆ ಎರಡು ವರ್ಷವನ್ನು ನಾನು ಅವಳಿಗೆ ವಾಪಸು ಕೊಡಲಾರೆ.

ಕಲಾ ವಿಭಾಗದಿಂದ ಸಿಎಲ್‌ಎಟಿ ಎಂಬ ಕಾನೂನು ಪ್ರವೇಶ ಪರೀಕ್ಷೆ ಬರೆದು ಐದು ವರ್ಷದ ಕಾನೂನು ಪದವಿಗೆ ಹೋಗಬಹುದು, ಯಾವ ವಿಭಾಗದವರಾದರೂ ಆಗುತ್ತದೆ. ವಾಣಿಜ್ಯದವರು ಪಿಯುಸಿ ಮುಗಿಸಿ ಚಾರ್ಟರ್ಡ್ ಅಕೌಂಟೆಂಟ್ ಆಗುವ ಮೊದಲ ಮೆಟ್ಟಿಲಾದ ಸಿಎ ಫೌಂಡೇಶನ್ ಬರೆಯಬಹುದು. ಗಣಿತವನ್ನೇ ಪ್ರೀತಿಸುವವರಿಗೆ ಎಂಜಿನಿಯರಿಂಗ್ ಒಂದೇ ಅಲ್ಲ. ಬೆಂಗಳೂರಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಬಿ.ಮ್ಯಾಥ್ ಎಂಬ ಗಣಿತದ್ದೇ ಪದವಿ ಇದೆ. ಟಾಟಾ ಇನ್‌ಸ್ಟಿಟ್ಯೂಟ್ 2011ರಿಂದ ಪಿಯುಸಿ ಮುಗಿಸಿದವರಿಗೂ ಪದವಿ ನಡೆಸುತ್ತಿದೆ. ಪಾಠ ಹೇಳುವುದು ಇಷ್ಟವಾದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿ.ಎಸ್ಸಿ. ಜೊತೆಗೇ ಬಿ.ಎಡ್. ಸೇರಿದ ನಾಲ್ಕು ವರ್ಷದ ಕೋರ್ಸಿದೆ.

ಅಂಕ ಕಡಿಮೆ, ಕೈಕೆಲಸ ಚೆನ್ನಾಗಿ ಬರುತ್ತದೆ. ಡಿಪ್ಲೊಮಾ ಎಂದರೆ ಕೀಳಲ್ಲವೇ?

ಅಲ್ಲ. ಹತ್ತನೇ ತರಗತಿಯಾದ ಮೇಲೆ ಮೂರು ವರ್ಷದ ಪಾಲಿಟೆಕ್ನಿಕ್, ನಂತರ ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಕೈಯಿಂದ ತಲೆಗೆ ಹೋಗುವ ಮಕ್ಕಳಿಗೆ ಈ ದಾರಿ ಪಿಯುಸಿಗಿಂತ ಹಿತ.

ಹೆಣ್ಣುಮಗಳು. ಕಾಂಬಿನೇಶನ್ ಇರುವ ಕಾಲೇಜು ದೂರ. ಹತ್ತಿರ ಸಿಕ್ಕಿದ್ದನ್ನೇ ಓದಿಸಿದರಾಗದೇ?

ಬಸ್ಸಿನ ಸಮಯ ನೋಡಿ ವಿಷಯ ಆರಿಸುವುದು ನಮ್ಮ ಕಡೆ ಎಷ್ಟು ನಡೆಯುತ್ತದೆಂದರೆ, ಅದನ್ನು ಆಯ್ಕೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನಿಮ್ಮ ಭಯ ಅರ್ಥವಾಗುತ್ತದೆ. ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗಳಿವೆ. ಒಮ್ಮೆ ಹೋಗಿ ವಾರ್ಡನ್ನರನ್ನು ಮಾತಾಡಿಸಿ, ಊಟ ನೋಡಿ, ಅಲ್ಲಿರುವ ಹೆಣ್ಣುಮಕ್ಕಳನ್ನು ಕೇಳಿ. ಆಮೇಲೆ ತೀರ್ಮಾನ ಮಾಡಿ.

ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ ನಂಜನಗೂಡಿನವರು, 1922ರಲ್ಲಿ ಹುಟ್ಟಿದವರು. ಅವರಿಗೂ ಇತಿಹಾಸದತ್ತ ಒಲವಿತ್ತು, ಕೊನೆಗೆ ಗಣಿತ, ಭೌತಶಾಸ್ತ್ರ ಆರಿಸಿಕೊಂಡರು. ಸೆಂಟ್ರಲ್ ಕಾಲೇಜು, ಟಾಟಾ ಇನ್‌ಸ್ಟಿಟ್ಯೂಟ್, ಅಲ್ಲಿಂದ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ. ಇದರ ಬೇರು ಹುಡುಕಿದರೆ ಅಜ್ಜಿ ಕಮಲಮ್ಮ ದಾಸಪ್ಪನವರ ಬಳಿಗೆ ಹೋಗುತ್ತೇವೆ. ಮೈಸೂರು ಸಂಸ್ಥಾನದ ಮೊದಲ ಕೆಲವೇ ಮಹಿಳಾ ಪದವೀಧರರಲ್ಲಿ ಅವರೊಬ್ಬರು. ಮೊಮ್ಮಗಳು ಅಕ್ಷರ ಕಲಿತದ್ದೇ ಆ ಅಜ್ಜಿ ಕಟ್ಟಿದ ಶಾಲೆಯಲ್ಲಿ. ನೀವು ಇಂದು ಮಗಳನ್ನು ಹಾಸ್ಟೆಲ್‌ಗೆ ಕಳಿಸಿದರೆ ಅದರ ಫಲ ಅವಳೊಬ್ಬಳಿಗೇ ನಿಲ್ಲುವುದಿಲ್ಲ.

ಒಂಬತ್ತನೇ ತರಗತಿಗೆ ಬಂದಳು. ಸಂಗೀತ, ಡ್ರಾಯಿಂಗ್ ಕ್ಲಾಸ್ ಬಿಡಿಸಬೇಕೇ?

ಕಡಿಮೆ ಮಾಡಿ, ಬಿಡಿಸಬೇಡಿ. ತಿಪಟೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಬಾಲ್ಯದಲ್ಲಿ ಕಲಿತ ಪಿಯಾನೊವನ್ನು ಕೊನೆಯವರೆಗೂ ನುಡಿಸಿದರು. ಭೌತವಿಜ್ಞಾನ ಅದಕ್ಕೆ ಅಡ್ಡಿಯಾಗಲಿಲ್ಲ, ಅದೂ ಭೌತವಿಜ್ಞಾನಕ್ಕೆ ಅಡ್ಡಿಯಾಗಲಿಲ್ಲ. ವಾರಕ್ಕೆ ಐದು ದಿನದ ಕ್ಲಾಸನ್ನು ಎರಡಕ್ಕೆ ಇಳಿಸಿದರೆ ಸಾಕು. ಡ್ರಾಯಿಂಗ್ ಲೋಯರ್ ಆಗಿದ್ದರೆ ಹೈಯರ್ ಪರೀಕ್ಷೆಯನ್ನೂ ಬರೆಸಿ. ಚಿತ್ರಕಲೆಯನ್ನೇ ಮುಂದೆ ಓದುವವರಿಗೆ ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆ.

ನಮ್ಮ ಮಗನಿಗೆ ಯಾವುದರಲ್ಲೂ ಆಸಕ್ತಿಯೇ ಕಾಣುವುದಿಲ್ಲ. ಸದಾ ಮೊಬೈಲ್.

ಮೊಬೈಲಿನಲ್ಲಿ ಏನು ನೋಡುತ್ತಾನೆ ಎಂದು ಪಕ್ಕದಲ್ಲಿ ಕೂತು ಬೈಯದೆ ನೋಡಿದ್ದೀರಾ? ಒಬ್ಬ ತಾಯಿಗೆ ಹೀಗೇ ಹೇಳಿದೆ. ಮೂರು ದಿನ ಬಿಟ್ಟು ಬಂದರು. “ಬರೀ ಲಾರಿ, ಬಸ್ಸು ಸಾರ್. ಯಾವ ಡಿಪೋ ಬಸ್ಸು, ಯಾವ ರೂಟು, ಎಷ್ಟೊತ್ತಿಗೆ ಎಲ್ಲಿ ಅಂತ ಎಲ್ಲಾ ಹೇಳ್ತಾನೆ” ಎಂದರು. ಅವನ ಮುಂದೆ ಜಿಲ್ಲೆಯ ನಕ್ಷೆ ಹಾಸಿದೆವು. ಸಮಾಜ ವಿಜ್ಞಾನದ ಭೂಗೋಳ ಅಲ್ಲಿಂದ ಶುರುವಾಯಿತು. ಅವನೇನಾಗುತ್ತಾನೋ ಇನ್ನೂ ಗೊತ್ತಿಲ್ಲ, ಈಗ ಎಂಟನೇ ತರಗತಿ.

ಎಷ್ಟು ಹುಡುಕಿದರೂ ಏನೂ ಕಾಣದಿದ್ದರೆ ಮಗು ದಣಿದಿರಬಹುದು, ಹೆದರಿರಬಹುದು, ಕಣ್ಣು ಮಂಜಾಗಿ ಕಪ್ಪುಹಲಗೆ ಕಾಣದೆಯೂ ಇರಬಹುದು. ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ನಾನು ‘ದಡ್ಡಿ’ ಎಂದುಕೊಂಡಿದ್ದ ಒಬ್ಬಳು ಕನ್ನಡಕ ಬಂದ ವಾರವೇ ಬೇರೆ ಹುಡುಗಿಯಾದಳು.

ಸೈನ್ಸ್‌ಗೆ ಸೇರಿ ಮೂರು ತಿಂಗಳಾಯಿತು. ಆಗುತ್ತಿಲ್ಲ ಎನ್ನುತ್ತಿದ್ದಾನೆ. ಈಗೇನು ಮಾಡುವುದು?

ಯಾವುದು ಆಗುತ್ತಿಲ್ಲ ಎಂದು ಮೊದಲು ಬಿಡಿಸಿ ಕೇಳಿ. ಇಂಗ್ಲಿಷ್ ಅರ್ಥವಾಗುತ್ತಿಲ್ಲವೇ, ಹಾಸ್ಟೆಲ್ ಹಿಡಿಸಲಿಲ್ಲವೇ, ಯಾರಾದರೂ ಗೇಲಿ ಮಾಡುತ್ತಿದ್ದಾರೆಯೇ, ಇಲ್ಲ ವಿಷಯವೇ ಬೇಡವಾಗಿದೆಯೇ? ಮೊದಲ ಮೂರಕ್ಕೆ ಕಾಂಬಿನೇಶನ್ ಬದಲಿಸುವುದು ಮದ್ದಲ್ಲ. ಕೊನೆಯದಾದರೆ ತಡಮಾಡದೆ ಪ್ರಾಂಶುಪಾಲರನ್ನು ಕಂಡು ಬದಲಾವಣೆಗೆ ಅವಕಾಶವಿದೆಯೇ ವಿಚಾರಿಸಿ. ಅವಕಾಶ ಮುಗಿದಿದ್ದರೆ ಮುಂದಿನ ಜೂನ್‌ನಲ್ಲಿ ಬೇರೆ ವಿಭಾಗಕ್ಕೆ ಹೊಸದಾಗಿ ಸೇರಿಸಿ. ಒಂದು ವರ್ಷ ಹೋಯಿತೆಂದು ಅವನ ಎದುರಿಗೆ ಕೊರಗಬೇಡಿ, ಬಂಧುಗಳೆದುರಿಗೂ ಬೇಡ. ಆ ರಾತ್ರಿ ಅವನ ಪಕ್ಕದಲ್ಲೇ ಮಲಗಿ.